ಊರಿನ ನಾಟಕದಲ್ಲಿ ದುರ್ಯೋಧನ, ಆಫೀಸ್ ಮೀಟಿಂಗಲ್ಲಿ ಮೂಕ: ಇದರಲ್ಲಿ ನಾನು ಯಾರು?

ಹಳ್ಳಿಹೈದ

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಅರಸೀಕೆರೆ ಕಡೆಯವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಕಂಪನಿಯಲ್ಲಿ ಎರಡು ವರ್ಷ ಆದವರಿಗೆ ಒಂದು ಫಾರ್ಮ್ ಕೊಡುತ್ತಾರೆ. ಮುಂದೆ ಯಾವ ಕಡೆ ಹೋಗುತ್ತೀರಿ ಅಂತ ಹೇಳಬೇಕು. ಕೋಡಿಂಗ್, ಆಟೊಮೇಷನ್ ಕಡೆ ಒಂದು ದಾರಿ. ಕ್ಲೈಂಟ್ ಜೊತೆ ಮಾತಾಡುವುದು, ಡೆಮೊ ಕೊಡುವುದು, ಹೊಸಬರಿಗೆ ಟ್ರೈನಿಂಗ್ ಮಾಡುವುದು ಇನ್ನೊಂದು ದಾರಿ. ಕೊನೆಗೆ ನಿಮ್ಮ ಸ್ವಭಾವದ ಬಗ್ಗೆ ಬರೆಯಿರಿ ಅಂತ ಒಂದು ಕಾಲಂ. ಅಲ್ಲಿಗೆ ಬಂದು ನಿಂತಿದ್ದೇನೆ.

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಭಾಷಣ, ಚರ್ಚಾಸ್ಪರ್ಧೆ ಅಂದರೆ ಮೇಷ್ಟ್ರು ನನ್ನ ಹೆಸರನ್ನೇ ಮೊದಲು ಬರೆಯುತ್ತಿದ್ದರು. ಪಿಯುಸಿಗೆ ಪಿಸಿಎಂಬಿ ತಗೊಂಡು ಹಾಸನಕ್ಕೆ ಬಂದೆ. ಶುರುವಿನಲ್ಲೇ ಒಂದು ದಿನ ಫಿಸಿಕ್ಸ್ ಲೆಕ್ಚರರ್ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು. ಬಾಯಿಗೆ ಬಂದಿದ್ದು ‘ವೇಗೋತ್ಕರ್ಷ’. ಇಂಗ್ಲಿಷ್‌ನಲ್ಲಿ ಅದಕ್ಕೆ ಆಕ್ಸಿಲರೇಷನ್ ಅಂತಾರೆ ಅಂತ ಆ ಕ್ಷಣ ಹೊಳೆಯಲಿಲ್ಲ. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಸುಮ್ನೆ ಕೂತೆ. ಅವತ್ತಿನಿಂದ ಕ್ಲಾಸಲ್ಲಿ ಬಾಯಿ ಬಿಡುವುದು ನಿಂತಿತು. ಎಂಜಿನಿಯರಿಂಗ್‌ನಲ್ಲೂ ಹಾಗೇ, ಆಫೀಸಲ್ಲೂ ಹಾಗೇ. ಬೆಳಗಿನ ಮೀಟಿಂಗಲ್ಲಿ ನನ್ನ ಸರದಿ ಬರುವಾಗ ಗಂಟಲು ಒಣಗುತ್ತದೆ. ಮ್ಯಾನೇಜರ್ ಒಳ್ಳೆಯವರು. ‘ನೀನು ಇಂಟ್ರೋವರ್ಟ್, ಪರವಾಗಿಲ್ಲ ಬಿಡು’ ಅಂತಾರೆ. ಅಂದರೆ ಅಂತರ್ಮುಖಿ, ಮಾತು ಕಮ್ಮಿ ಅಂತ.

ಆದರೆ ಊರಲ್ಲಿ ಬೇರೆಯದೇ ಕಥೆ. ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡುತ್ತೇವೆ. ಹಳೇ ಮೈಸೂರು ಕಡೆಯವರಿಗೆ ಗೊತ್ತಿರುತ್ತದೆ, ಪಾತ್ರಕ್ಕೆ ದುಡ್ಡು ಕಟ್ಟಿ ತಗೊಳ್ಳಬೇಕು. ನಾನು ದುರ್ಯೋಧನ. ತಲೆ ಮೇಲೆ ಬಾಡಿಗೆ ಕಿರೀಟ, ಹೆಗಲ ಮೇಲೆ ಗದೆ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದರೆ ಸಾಕು, ಬೆಳಗಿನ ಜಾವದವರೆಗೆ ಊರಿಗೆ ಊರೇ ಕೂತು ಕೇಳುವಂತೆ ಹಾಡುತ್ತೇನೆ. ಭಯ ಅನ್ನುವುದೇ ಇರಲ್ಲ. ಎದುರಿನವನು ಮಾತು ಮರೆತರೆ ಅವನ ಮಾತನ್ನೂ ನಾನೇ ಎತ್ತಿಕೊಟ್ಟು ಮುಂದೆ ನಡೆಸುತ್ತೇನೆ.

ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್ ಮಾಡಿದೆ. ಸ್ವಭಾವವನ್ನು ನಾಲ್ಕಕ್ಷರದಲ್ಲಿ ಹೇಳುವ ಟೆಸ್ಟ್ ಅದು. ಐಎನ್‌ಎಫ್‌ಪಿ ಅಂತ ಬಂತು, ಮೊದಲ ಅಕ್ಷರ ಐ ಅಂದರೆ ಇಂಟ್ರೋವರ್ಟ್. ಊರಿಗೆ ಹೋದಾಗ ಮತ್ತೆ ಮಾಡಿದೆ, ಬೇರೆ ಬಂತು. ಇಷ್ಟು ವಯಸ್ಸಾದರೂ ನನ್ನ ಬಗ್ಗೆ ನನಗೇ ಗೊತ್ತಿಲ್ಲ ಅನ್ನುವುದು ರಾತ್ರಿ ನಿದ್ದೆ ಕೆಡಿಸುತ್ತಿದೆ. ಆ ಇಬ್ಬರಲ್ಲಿ ನಿಜವಾದವನು ಯಾರು?

ಮಳೆಬಿಲ್ಲು

ಅಣ್ಣ, ನಿಮ್ಮ ಪೋಸ್ಟ್ ಓದಿ ನನ್ನದೇ ಕಥೆ ಅನ್ನಿಸಿತು. ನಾನು ಬಿಕಾಂ ಕೊನೇ ವರ್ಷ. ಆದರೆ ಟೆಸ್ಟನ್ನು ಬೈಯಬೇಡಿ. ನನಗೆ ಐಎನ್‌ಎಫ್‌ಜೆ ಅಂತ ಬಂದಾಗ ಅದರ ವಿವರಣೆ ಓದಿ ಅತ್ತುಬಿಟ್ಟೆ. ನನ್ನನ್ನು ಯಾರೋ ಕೊನೆಗೂ ಅರ್ಥ ಮಾಡಿಕೊಂಡರು ಅನ್ನಿಸಿತು. ಮನೆಯಲ್ಲಿ ಯಾರೂ ಹಾಗೆ ಅರ್ಥ ಮಾಡಿಕೊಂಡಿಲ್ಲ.

ಸಾಧನಕೇರಿ

ನಾನು ಡಿಗ್ರಿ ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡುವವಳು. ಈ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮಳೆಬಿಲ್ಲು, ನಿನ್ನ ಅಳು ನಿಜ. ಅದನ್ನು ಹಗುರ ಮಾಡುವುದಿಲ್ಲ. ಆದರೂ ಒಂದು ವಿಷಯ ಕೇಳು. 1948ರಲ್ಲಿ ಅಮೆರಿಕದಲ್ಲಿ ಬರ್ಟ್ರಂ ಫೋರರ್ ಅನ್ನುವ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನ ಫಲಿತಾಂಶ’ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಹಾಳೆ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ‘ಹೊರಗೆ ಗಟ್ಟಿ, ಒಳಗೆ ಅಳುಕು’ ಅನ್ನುವಂಥ ಮಾತು ಯಾರಿಗೆ ತಾನೆ ಒಪ್ಪಲ್ಲ? ನಾಲ್ಕಕ್ಷರದ ಟೆಸ್ಟನ್ನು ಮಾಡಿದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್, ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಅವರ ಬರಹ ಓದಿ ಅದನ್ನು ಕಟ್ಟಿದರು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಅದರ ದೊಡ್ಡ ತೊಂದರೆ ಎಂದರೆ ಮಧ್ಯೆ ಗೆರೆ ಎಳೆದು ಈ ಕಡೆ ಇಂಟ್ರೋವರ್ಟ್, ಆ ಕಡೆ ಎಕ್ಸ್‌ಟ್ರೋವರ್ಟ್ ಅನ್ನುವುದು. ಜನರಲ್ಲಿ ಹೆಚ್ಚಿನವರು ಇರುವುದೇ ಆ ಗೆರೆಯ ಹತ್ತಿರ. ಅವತ್ತಿನ ಮನಸ್ಸು ಒಂಚೂರು ಆಚೀಚೆ ಆದರೆ ಅಕ್ಷರ ಬದಲಾಗುತ್ತದೆ. ಹಳ್ಳಿಹೈದರಿಗೆ ಆಗಿದ್ದೂ ಅದೇ ಇರಬೇಕು.

ಈಗ ಮುಖ್ಯ ಪ್ರಶ್ನೆ. ಇಬ್ಬರಲ್ಲಿ ಒಬ್ಬನೇ ನಿಜ, ಇನ್ನೊಬ್ಬ ಸುಳ್ಳು ಅಂತ ನೀವು ಯಾಕೆ ಅಂದುಕೊಂಡಿರಿ?

2001ರಲ್ಲಿ ವಿಲಿಯಂ ಫ್ಲೀಸನ್ ಅನ್ನುವ ಸಂಶೋಧಕರು ಒಂದು ಕೆಲಸ ಮಾಡಿದರು. ಕಾಲೇಜು ಹುಡುಗರಿಂದ ದಿನಕ್ಕೆ ಹಲವು ಸಲ, ಈಗ ನೀನು ಎಷ್ಟು ಮಾತಾಡುತ್ತಿದ್ದೀಯ, ಎಷ್ಟು ಹುರುಪಿನಲ್ಲಿದ್ದೀಯ ಅಂತ ಬರೆಸಿಕೊಂಡರು. ಒಬ್ಬನೇ ಮನುಷ್ಯ ಒಂದೆರಡು ವಾರದೊಳಗೆ ತೀರಾ ಮೌನದಿಂದ ತೀರಾ ಮಾತಿನವರೆಗೆ ಎಲ್ಲಾ ಕಡೆ ಓಡಾಡಿ ಬರುತ್ತಾನೆ ಅಂತ ಕಂಡಿತು. ಹಾಗಂತ ಸ್ವಭಾವವೇ ಇಲ್ಲ ಅಂತಲ್ಲ. ಸರಾಸರಿ ತೆಗೆದರೆ ಅದು ವಾರದಿಂದ ವಾರಕ್ಕೆ ಹೆಚ್ಚು ಕದಲುವುದಿಲ್ಲ. ಆದರೆ ಆ ಸರಾಸರಿಯ ಸುತ್ತ ಪ್ರತಿಯೊಬ್ಬರಿಗೂ ದೊಡ್ಡ ಜಾಗ ಇದೆ. ದುರ್ಯೋಧನ ನಿಮ್ಮೊಳಗೇ ಇದ್ದಾನೆ, ಮೀಟಿಂಗಿನ ಮೂಕನೂ ನಿಮ್ಮೊಳಗೇ ಇದ್ದಾನೆ. ಯಾವ ಜಾಗ, ಯಾವ ಭಾಷೆ, ಎದುರಿಗೆ ಯಾರು ಅನ್ನುವುದರ ಮೇಲೆ ಒಬ್ಬ ಮುಂದೆ ಬರುತ್ತಾನೆ.

ನಿಮ್ಮ ಮೌನ ಪಿಯುಸಿ ಕ್ಲಾಸಿನ ಒಂದು ಮಧ್ಯಾಹ್ನ ಶುರುವಾಯಿತು. ಅದಕ್ಕೆ ಮೊದಲು ಇರಲಿಲ್ಲ. ಅದನ್ನು ಹುಟ್ಟುಗುಣ ಅಂತ ಫಾರ್ಮಲ್ಲಿ ಬರೆದುಕೊಡಲು ಹೊರಟಿದ್ದೀರಿ. ನನಗೆ ಅದು ತುಂಬಾ ಬೇಜಾರಿನ ವಿಷಯ. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಮಕ್ಕಳು ಹೀಗೆ ಭಾಷೆಯ ಅಂಜಿಕೆಯನ್ನು ತಮ್ಮ ಸ್ವಭಾವ ಅಂತ ನಂಬಿಬಿಡುತ್ತಾರೆ.

ಹಳದಿ ಬೋರ್ಡ್

ಮೇಡಂ ಚೆನ್ನಾಗಿ ಹೇಳಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನನ್ನ ಅಪ್ಪ ತೀರಿಕೊಂಡಾಗ ನನಗೆ 19. ಎರಡು ತಂಗಿಯರು. ಐಟಿಐ ಅರ್ಧಕ್ಕೆ ಬಿಟ್ಟು ಗಾಡಿ ಹತ್ತಿದೆ. ನಾನು ಯಾರು ಅಂತ ಕೇಳಿಕೊಳ್ಳೋಕೆ ಟೈಮೇ ಸಿಗಲಿಲ್ಲ. ಲೋನ್ ಕಟ್ಟಬೇಕು, ಎಫ್‌ಸಿ ಮಾಡಿಸಬೇಕು, ತಂಗಿ ಫೀಸ್ ಕಟ್ಟಬೇಕು. ಈ ಪ್ರಶ್ನೆ ಸಂಬಳ ಬರುವವರಿಗೆ ಮಾತ್ರ ಬರೋದಾ ಅಂತ ಅನ್ನಿಸುತ್ತೆ. ಕೋಪದಿಂದ ಹೇಳ್ತಿಲ್ಲ, ನಿಜವಾಗಿ ಕೇಳ್ತಿದ್ದೀನಿ.

ಸಾಧನಕೇರಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಮ್ಮ ಶಾಸ್ತ್ರದಲ್ಲೂ ಈ ಜಗಳ ಇದೆ.

2000ದಲ್ಲಿ ಜೆಫ್ರಿ ಆರ್ನೆಟ್ ಅನ್ನುವವರು 18ರಿಂದ 25ರ ವಯಸ್ಸು ಹದಿಹರೆಯವೂ ಅಲ್ಲ, ಪೂರ್ತಿ ದೊಡ್ಡವರ ಬದುಕೂ ಅಲ್ಲ, ಅದು ಬೇರೆಯೇ ಒಂದು ಘಟ್ಟ ಅಂತ ಬರೆದರು. ಓದು, ಕೆಲಸ, ಪ್ರೀತಿ ಎಲ್ಲವನ್ನೂ ಪರೀಕ್ಷೆ ಮಾಡಿ ನೋಡುವ ವಯಸ್ಸು. ಆದರೆ ಮದುವೆ, ಸಂಸಾರ, ದುಡಿಮೆಯ ಭಾರವನ್ನು ಮುಂದೂಡಲು ಬಿಡುವ ಸಮಾಜಗಳಲ್ಲಿ ಮಾತ್ರ ಈ ಘಟ್ಟ ಇರುತ್ತದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಒಬ್ಬನಿಗೆ ಆ ಕಾಲ ಸಿಗುತ್ತದೆ, ಇನ್ನೊಬ್ಬನಿಗೆ ಸಿಗುವುದಿಲ್ಲ. ನಿಮಗೆ ಸಿಗಲಿಲ್ಲ. ಅದು ಅನ್ಯಾಯವೇ.

ಆದರೆ ಕಾಲ ಸಿಗಲಿಲ್ಲ ಅಂದ ಮಾತ್ರಕ್ಕೆ ನಿಮ್ಮನ್ನು ನೀವು ಅರಿತಿಲ್ಲ ಅಂತ ನಾನು ಒಪ್ಪಲ್ಲ. ಅಪ್ಪ ಹೋದಾಗ ಮನೆ ಬಿಟ್ಟು ಓಡದೆ ನಿಂತವರು ನೀವು. ನಿಮ್ಮ ಬಗ್ಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಯಾವ ಟೆಸ್ಟ್ ಕೊಡುತ್ತದೆ? 1972ರಲ್ಲಿ ಡ್ಯಾರಿಲ್ ಬೆಮ್ ಅನ್ನುವವರು ಹೇಳಿದ್ದು ಇದನ್ನೇ. ಒಳಗಿನ ಸೂಚನೆ ಅಸ್ಪಷ್ಟ ಇದ್ದಾಗ ಮನುಷ್ಯ ತನ್ನನ್ನು ತಿಳಿಯುವುದು ಬೇರೆಯವರನ್ನು ತಿಳಿಯುವ ದಾರಿಯಲ್ಲೇ, ಅಂದರೆ ತಾನು ಏನು ಮಾಡಿದೆ ಅಂತ ನೋಡಿ.

ಹಳದಿ ಬೋರ್ಡ್

ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಥ್ಯಾಂಕ್ಸ್ ಮೇಡಂ. ಈಗ ಏರ್‌ಪೋರ್ಟ್ ಟ್ರಿಪ್ ಇದೆ, ರಾತ್ರಿ ಮತ್ತೆ ಓದುತ್ತೇನೆ.

ಶರಾವತಿ ದಂಡೆ

ನಾನು ಸಾಗರದ ಕಡೆಯವಳು, 27. ಹೈಸ್ಕೂಲ್ ಟೀಚರ್. ಅಪ್ಪ ಟೀಚರ್, ಅಜ್ಜ ಟೀಚರ್. ‘ಇವಳೂ ಟೀಚರ್ ಆಗೋಳು’ ಅಂತ ನಾನು ಅಂಗನವಾಡಿಗೆ ಹೋಗುವಾಗಲೇ ಊರು ತೀರ್ಮಾನ ಮಾಡಿತ್ತು. ನಾನೂ ಪ್ರಶ್ನೆ ಮಾಡದೆ ಬಿಎಡ್ ಮುಗಿಸಿದೆ.

ಹೋದ ವರ್ಷ ನನ್ನನ್ನು ನೋಡಲು ಒಬ್ಬರು ಬಂದಿದ್ದರು. ಉಪ್ಪಿಟ್ಟು, ಕಾಫಿ ಎಲ್ಲಾ ಆಯಿತು. ಹುಡುಗ ಮರ್ಯಾದೆಯಿಂದಲೇ ಕೇಳಿದ, ‘ನಿಮಗೆ ಏನು ಇಷ್ಟ?’ ಅಮ್ಮ ಒಳಗಿಂದ ‘ಅವಳಿಗೆ ರಂಗೋಲಿ ಇಷ್ಟ’ ಅಂದರು. ನನಗೆ ರಂಗೋಲಿ ಇಷ್ಟವಾ ಅಂತ ಆವತ್ತು ಕೇಳಿಕೊಂಡೆ. ಉತ್ತರ ಬರಲಿಲ್ಲ. ಆ ಸಂಬಂಧ ಕೂಡಿ ಬರಲಿಲ್ಲ, ಪ್ರಶ್ನೆ ಮಾತ್ರ ಉಳಿಯಿತು.

ಮೇಡಂ, ಮನೆಯವರು ಕೊಟ್ಟ ಗುರುತನ್ನೇ ಹೊತ್ತುಕೊಂಡು ಬಂದವರ ಬಗ್ಗೆ ನಿಮ್ಮ ಶಾಸ್ತ್ರ ಏನು ಹೇಳುತ್ತದೆ?

ಸಾಧನಕೇರಿ

ಇದಕ್ಕೆ 1966ರಲ್ಲಿ ಜೇಮ್ಸ್ ಮಾರ್ಸಿಯಾ ಒಂದು ಚೌಕಟ್ಟು ಕೊಟ್ಟರು. ಕಾಲೇಜು ಹುಡುಗರನ್ನು ಕೂರಿಸಿಕೊಂಡು ಕೆಲಸ, ಧರ್ಮ, ರಾಜಕೀಯದ ಬಗ್ಗೆ ಮಾತಾಡಿಸಿದರು. ಎರಡು ವಿಷಯ ನೋಡಿದರು. ಬೇರೆ ದಾರಿಗಳನ್ನು ಹುಡುಕಿ ನೋಡಿದ್ದಾನಾ? ಒಂದಕ್ಕೆ ಗಟ್ಟಿಯಾಗಿ ನಿಂತಿದ್ದಾನಾ? ಹುಡುಕಿಯೂ ಇಲ್ಲ, ನಿಂತೂ ಇಲ್ಲ ಅನ್ನುವವರು ಕೆಲವರು. ಹುಡುಕುತ್ತಲೇ ಇದ್ದಾರೆ, ಇನ್ನೂ ನಿಂತಿಲ್ಲ ಅನ್ನುವವರು ಇನ್ನು ಕೆಲವರು. ಹಳ್ಳಿಹೈದ ಈಗ ಅಲ್ಲಿದ್ದಾರೆ. ಹುಡುಕಿ ನಿಂತವರು ಒಂದು ಗುಂಪು. ಹುಡುಕದೆಯೇ, ದೊಡ್ಡವರು ಹೇಳಿದ್ದಕ್ಕೆ ನಿಂತವರು ಇನ್ನೊಂದು ಗುಂಪು. ನೀವು ಹೇಳಿದ್ದು ಇದು. ನಮ್ಮ ಕಡೆ ಇದೇ ದೊಡ್ಡ ಗುಂಪು ಅಂತ ನನ್ನ ಅನಿಸಿಕೆ. ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಅನ್ನುವುದನ್ನು 15-16ರ ವಯಸ್ಸಲ್ಲಿ ಚಿಕ್ಕಪ್ಪ, ಪಕ್ಕದ ಮನೆಯವರು ಸೇರಿ ತೀರ್ಮಾನ ಮಾಡುತ್ತಾರೆ ಅಲ್ವಾ?

ಇದನ್ನು ಕೆಟ್ಟದ್ದು ಅಂತ ಬಿಡಬೇಡಿ. ಅಂಥವರ ಮನಸ್ಸು ಎಷ್ಟೋ ಸಲ ನೆಮ್ಮದಿಯಾಗಿಯೇ ಇರುತ್ತದೆ. ತೊಂದರೆ ಬರುವುದು ಯಾರೋ ಎದುರು ಕೂತು ನಿಮಗೆ ಏನು ಇಷ್ಟ ಅಂತ ಕೇಳಿದ ದಿನ. ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2010ರಲ್ಲಿ ನೋಡಿದಾಗ, ಯೌವನದ ಮೊದಲ ವರ್ಷಗಳು ಕಳೆದರೂ ತುಂಬಾ ಜನ ಹುಡುಕಿ ನಿಂತ ಗುಂಪಿಗೆ ಸೇರಿರುವುದಿಲ್ಲ ಅಂತ ಕಂಡಿತು. 24, 27 ತಡವೇ ಅಲ್ಲ.

ಮಾರ್ಸಿಯಾ ಈ ವಿಚಾರ ತಗೊಂಡಿದ್ದು ಎರಿಕ್ ಎರಿಕ್ಸನ್ ಅವರಿಂದ. ಐಡೆಂಟಿಟಿ ಕ್ರೈಸಿಸ್, ಅಂದರೆ ನಾನು ಯಾರು ಅನ್ನುವ ಗೊಂದಲ, ಅನ್ನುವ ಮಾತನ್ನು ಜನರ ಬಾಯಿಗೆ ತಂದವರು. ಅವರ ಬದುಕು ಕೇಳಿ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ಸಾಕಿದ್ದು ಯಹೂದಿ ಮಲತಂದೆ. ಹುಡುಗ ಮಾತ್ರ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಇವನು ನಮ್ಮವನಲ್ಲ ಅಂತ ಛೇಡಿಸಿದರು. ಶಾಲೆಯಲ್ಲಿ ಯಹೂದಿ ಅಂತ ಛೇಡಿಸಿದರು. ಇಪ್ಪತ್ತರ ಹರೆಯದಲ್ಲಿ ಚಿತ್ರಕಾರನಾಗುತ್ತೇನೆ ಅಂತ ಊರೂರು ಅಲೆದರು. ಆಮೇಲೆ ವಿಯೆನ್ನಾದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಹತ್ತಿರ ಕಲಿಯುತ್ತಾ ತಮ್ಮ ದಾರಿ ಕಂಡುಕೊಂಡರು. ಅಮೆರಿಕದ ಪ್ರಜೆಯಾದಾಗ, 1939ರಲ್ಲಿ, ಎರಿಕ್ಸನ್ ಅನ್ನುವ ಹೆಸರನ್ನು ತಾವೇ ಇಟ್ಟುಕೊಂಡರು. ಯೌವನದಲ್ಲಿ ಹುಡುಕಾಡಲು ಸ್ವಲ್ಪ ಬಿಡುವು ಬೇಕು, ಸಮಾಜ ಅದನ್ನು ಕೊಡಬೇಕು ಅಂತ ಅವರು ಬರೆದದ್ದರ ಹಿಂದೆ ಈ ಅಲೆದಾಟ ಇದೆ.

ಶರಾವತಿ ದಂಡೆ

ಈ ವರ್ಷ ಒಂದು ಕೆಲಸ ಮಾಡಿದೆ. ಬೇಸಿಗೆ ರಜೆಯಲ್ಲಿ ನೆಂಟರೊಬ್ಬರ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಹೋದೆ. ಬೇರೆ ಕೆಲಸ ಹೇಗಿರುತ್ತದೆ ಅಂತ ಗೊತ್ತಾಗಲಿ ಅಂತ. ಕೆಲಸ ಚೆನ್ನಾಗಿತ್ತು, ಆದರೆ ಜೂನ್ ಬಂದಾಗ ಎಂಟನೇ ಕ್ಲಾಸಿನ ಗಲಾಟೆ ಬೇಕು ಅನ್ನಿಸಿತು. ಈಗಲೂ ಟೀಚರೇ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ. ನನಗೆ ಬದಲಾಗಿದೆ. ಈಗ ಇದು ಅಪ್ಪನ ಕೆಲಸ ಅಲ್ಲ, ನನ್ನದು. ರಂಗೋಲಿ ಇಷ್ಟ ಇಲ್ಲ ಅಂತಲೂ ಗೊತ್ತಾಯಿತು, ಅಮ್ಮನಿಗೆ ಹೇಳಿದೆ.

ಹಳ್ಳಿಹೈದ

ಅಕ್ಕ, ಇದು ನನಗೆ ತುಂಬಾ ಹಿಡಿಸಿತು. ಆದರೆ ನನ್ನ ಸಮಸ್ಯೆ ಬೇರೆ. ರಾತ್ರಿ ಕೂತು ಡೈರಿ ಬರೆಯುತ್ತೇನೆ. ನಾನು ಯಾಕೆ ಹೀಗೆ, ಯಾಕೆ ಹೀಗೆ ಅಂತ. ಬರೆದಷ್ಟೂ ಗೋಜಲು ಜಾಸ್ತಿ.

ಸಾಧನಕೇರಿ

ಆ ‘ಯಾಕೆ’ಯನ್ನು ಸ್ವಲ್ಪ ದಿನ ಬಿಡಿ. ಕಾರಣ ಹೇಳುತ್ತೇನೆ.

1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಒಂದು ಪ್ರಸಿದ್ಧ ಲೇಖನ ಬರೆದರು. ಅದರಲ್ಲಿ ಅಂಗಡಿಯೊಂದರ ಪ್ರಯೋಗ ಬರುತ್ತದೆ. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಸ್ಟಾಕಿಂಗ್ಸ್ ಸಾಲಾಗಿ ಇಟ್ಟು ಯಾವುದು ಚೆನ್ನಾಗಿದೆ ಅಂತ ಗಿರಾಕಿಗಳನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಆದರೂ ಬಲಗಡೆ ತುದಿಯಲ್ಲಿದ್ದದ್ದನ್ನು ಎಡತುದಿಯದಕ್ಕಿಂತ ಸುಮಾರು ನಾಲ್ಕು ಪಟ್ಟು ಜನ ಆರಿಸಿದರು. ಯಾಕೆ ಅಂದರೆ ನೇಯ್ಗೆ ಚೆನ್ನಾಗಿದೆ, ನುಣುಪಾಗಿದೆ ಅಂದರು. ಇಟ್ಟ ಜಾಗದ ಹೆಸರನ್ನು ಯಾರೂ ತಾವಾಗಿ ಎತ್ತಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ಕಾರಣ ಕೇಳಿದಾಗ ಮನಸ್ಸು ನಂಬುವಂಥ ಒಂದು ಕಾರಣವನ್ನು ಕೊಟ್ಟುಬಿಡುತ್ತದೆ, ಅಷ್ಟೆ.

ಡೈರಿ ಬಿಡಬೇಡಿ. ಯಾಕೆ ಅನ್ನುವ ಬದಲು ಎಲ್ಲಿ, ಯಾವಾಗ, ಯಾರ ಜೊತೆ ಅಂತ ಬರೆಯಿರಿ. ಇವತ್ತು ಎಲ್ಲಿ ಮಾತು ಸರಾಗ ಬಂತು? ಎಲ್ಲಿ ಕಟ್ಟಿತು? ತಿಂಗಳಾದ ಮೇಲೆ ಓದಿದರೆ ನಿಮಗೇ ಕಾಣುತ್ತದೆ.

ಇನ್ನೊಂದು. ನಿಮ್ಮನ್ನು ಚೆನ್ನಾಗಿ ಬಲ್ಲವರನ್ನು ಕೇಳಿ. ಸಿಮೀನ್ ವಜೀರ್ ಅನ್ನುವವರ 2010ರ ಅಧ್ಯಯನ ಇದೆ. ಒಳಗಿನ ಆತಂಕ, ಅಳುಕು ಇಂಥವು ನಮಗೇ ಚೆನ್ನಾಗಿ ಗೊತ್ತು. ಆದರೆ ಬುದ್ಧಿವಂತಿಕೆ, ಸೃಜನಶೀಲತೆ ಇಂಥ ವಿಷಯದಲ್ಲಿ ನಮಗಿಂತ ಸ್ನೇಹಿತರ ಅಂದಾಜು ಹೆಚ್ಚು ಸರಿ ಇರುತ್ತದೆ. ನಿಮ್ಮ ಗಂಟಲು ಒಣಗುವುದು ನಿಮಗೆ ಗೊತ್ತು. ನೀವು ಎಷ್ಟು ಚೆನ್ನಾಗಿ ಹೇಳಿಕೊಡುತ್ತೀರಿ ಅನ್ನುವುದು ಬೇರೆಯವರಿಗೆ ಗೊತ್ತು.

ಕವಿಶೈಲ

ಮೇಡಂ ಮಾತಿಗೆ ನಮ್ಮ ನಾಡಿನದೇ ಸಾಕ್ಷಿ ಇದೆ. 1924ರಲ್ಲಿ ಮೈಸೂರಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬಂದಿದ್ದರು. ಮಲೆನಾಡಿನ 19ರ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ತಗೊಂಡು ಅವರ ಹತ್ತಿರ ಹೋದ. ಅಷ್ಟರಲ್ಲಾಗಲೇ ಅವನ ಇಂಗ್ಲಿಷ್ ಕವಿತೆಗಳು ಅಚ್ಚಾಗಿದ್ದವು. ತಾನು ಇಂಗ್ಲಿಷ್ ಕವಿ ಅಂತಲೇ ಅವನು ಅಂದುಕೊಂಡಿದ್ದ. ಕಸಿನ್ಸ್ ನೋಡಿ, ನಿನ್ನ ಭಾಷೆಯಲ್ಲಿ ಬರಿ ಅಂದರು. ಆ ಕ್ಷಣ ಹುಡುಗನಿಗೆ ಅದು ಹಿಡಿಸಲಿಲ್ಲ. ಆದರೂ ಮಾತು ನಾಟಿತು, ಕನ್ನಡದಲ್ಲಿ ಬರೆಯಲು ಶುರು ಮಾಡಿದ. ಅವರೇ ಕುವೆಂಪು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು. ಅವರಂಥವರಿಗೇ ತಮ್ಮ ಬಗ್ಗೆ 19ರಲ್ಲಿ ತಿಳಿಯದ್ದನ್ನು ಹೊರಗಿನವರೊಬ್ಬರು ತೋರಿಸಿಕೊಟ್ಟರು. ನಮಗೆ ಕೇಳಲು ಏನು ನಾಚಿಕೆ?

ಮಳೆಬಿಲ್ಲು

ಆದರೆ ಎಲ್ಲರೂ ಕಸಿನ್ಸ್ ಅಲ್ಲವಲ್ಲ. ನಮ್ಮ ಚಿಕ್ಕಮ್ಮನ ಕೇಳಿದರೆ ನಾನು ಸೋಮಾರಿ ಅಂತಾರೆ.

ಕವಿಶೈಲ

ನಿಜ ಪುಟ್ಟಿ. ಕೆಲಸ ಮಾಡುವಾಗ ಪಕ್ಕದಲ್ಲಿದ್ದು ನೋಡಿದವರನ್ನು ಕೇಳು. ಹಬ್ಬಕ್ಕೆ ಬಂದು ಹೋಗುವವರನ್ನು ಬಿಡು.

ಮ್ಯೂನಿಕ್ ಕನ್ನಡಿಗ

ಜರ್ಮನಿಯಲ್ಲಿ ಇದ್ದೇನೆ. ಜರ್ಮನ್ ಕಲಿಯುವಾಗ ನಾನೂ ಮೂಕನಾಗಿದ್ದೆ. ಆಫೀಸಿನವರು ನನ್ನನ್ನು ತುಂಬಾ ಶಾಂತ ಮನುಷ್ಯ ಅಂದುಕೊಂಡಿದ್ದರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಾನು ನಿರೂಪಣೆ ಮಾಡುವುದನ್ನು ಒಬ್ಬ ಸಹೋದ್ಯೋಗಿ ನೋಡಿ ಬೆರಗಾದ. ಹಳ್ಳಿಹೈದ, ಭಾಷೆ ಬಂದ ಮೇಲೆ ಮಾತು ತಾನಾಗಿ ವಾಪಸ್ ಬರುತ್ತದೆ. ಸ್ವಭಾವ ಎಲ್ಲೂ ಹೋಗಿರುವುದಿಲ್ಲ.

ಸಾಧನಕೇರಿ

ಒಂದು ತಿದ್ದುಪಡಿ, ತಾನಾಗಿ ಅಲ್ಲ. ನೀವು ದಿನಾ ಆ ಭಾಷೆಯನ್ನು ಬಳಸಿದ್ದೀರಿ. ಮತ್ತೆ, ಸ್ವಭಾವವೂ ನಿಂತಲ್ಲೇ ನಿಂತಿರುವುದಿಲ್ಲ. 92 ಗುಂಪುಗಳನ್ನು ವರ್ಷಗಟ್ಟಲೆ ನೋಡಿದ ಮಾಹಿತಿಯನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಪ್ರಕಾರ, ಮನುಷ್ಯನ ಸ್ವಭಾವ ಅತಿ ಹೆಚ್ಚು ಬದಲಾಗುವುದು 20ರಿಂದ 40ರ ನಡುವೆ. ಹದಿಹರೆಯದಲ್ಲಿ ಅಂತ ನಾವು ಅಂದುಕೊಂಡಿರುತ್ತೇವೆ. ಆದರೂ ಮುಂದೆಯೂ ಬದಲಾಗುತ್ತೇವೆ ಅಂತ ನಮಗೆ ಅನ್ನಿಸುವುದೇ ಇಲ್ಲ. 2013ರಲ್ಲಿ 19 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಹಿಂದಿನ ಹತ್ತು ವರ್ಷದಲ್ಲಿ ತುಂಬಾ ಬದಲಾಗಿದ್ದೇವೆ, ಮುಂದೆ ಅಷ್ಟು ಬದಲಾಗುವುದಿಲ್ಲ ಅಂತಲೇ ಪ್ರತಿ ವಯಸ್ಸಿನವರೂ ಹೇಳಿದರು.

ಅದಕ್ಕೇ ಹೇಳುತ್ತೇನೆ, ಆ ಫಾರ್ಮಿನ ಕಾಲಂನಲ್ಲಿ ಇಂಟ್ರೋವರ್ಟ್ ಅಂತ ಬರೆಯಬೇಡಿ. ಮಾಡಿದ್ದನ್ನು ಬರೆಯಿರಿ. ದಾರಿ ಆರಿಸುವ ಮೊದಲು ಎರಡನೇ ದಾರಿಯನ್ನು ಸಣ್ಣದಾಗಿ ನೋಡಲು ಅವಕಾಶ ಕೇಳಿ.

ಹಳ್ಳಿಹೈದ

ಊರಿಗೆ ಫೋನ್ ಮಾಡಿ ನಾಟಕದ ಮೇಷ್ಟ್ರನ್ನು ಕೇಳಿದೆ, ನನ್ನಲ್ಲಿ ಏನು ನೋಡಿ ಪಾತ್ರ ಕೊಟ್ಟಿರಿ ಅಂತ. ಗಂಟಲು ಅಂತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ‘ನಿನಗಿಂತ ಚೆನ್ನಾಗಿ ಹಾಡುವವರು ಇದ್ದಾರೆ ಕಣಯ್ಯ. ಪ್ರಾಕ್ಟೀಸಲ್ಲಿ ಬೇರೆಯವರಿಗೆ ಕೂತು ಕಲಿಸೋನು ನೀನೊಬ್ಬನೇ’ ಅಂದರು. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಆಫೀಸಲ್ಲೂ ಹೊಸದಾಗಿ ಸೇರಿದವರು ಡೌಟ್ ಕೇಳಲು ನನ್ನ ಡೆಸ್ಕಿಗೇ ಬರುತ್ತಾರೆ. ಒಬ್ಬೊಬ್ಬರಿಗೆ ಹೇಳಿಕೊಡುವಾಗ ಗಂಟಲು ಒಣಗುವುದಿಲ್ಲ.

ಫಾರ್ಮಲ್ಲಿ ಅಷ್ಟನ್ನೇ ಬರೆದೆ. ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ಮುಂದಿನ ಬ್ಯಾಚಿನವರಿಗೆ ಟೆಸ್ಟಿಂಗ್ ಟೂಲ್‌ಗಳ ಪಾಠ ನಾನು ಮಾಡಬೇಕು, ಕ್ಲೈಂಟ್ ಡೆಮೊ ಸದ್ಯಕ್ಕೆ ಬೇಡ, ಮೂರು ತಿಂಗಳಾದ ಮೇಲೆ ದಾರಿ ಆರಿಸೋಣ ಅಂದರು. ಮೊದಲ ಕ್ಲಾಸು ಬರುವ ಗುರುವಾರ.

ಶರಾವತಿ ದಂಡೆ

ಟೀಚರ್ ಆಗಿ ಒಂದು ಮಾತು. ಮೊದಲ ಕ್ಲಾಸಿನ ಮೊದಲ ಐದು ನಿಮಿಷ ಏನು ಹೇಳಬೇಕು ಅಂತ ಪೂರ್ತಿ ಬರೆದು ಬಾಯಿಪಾಠ ಮಾಡಿಕೊಳ್ಳಿ. ನಾಟಕದವರಿಗೆ ಅದು ಕಷ್ಟ ಅಲ್ಲ. ಕ್ಲಾಸಲ್ಲಿ ಯಾರಾದರೂ ಕನ್ನಡ ಮೀಡಿಯಂನವರು ಇದ್ದರೆ ಅವರನ್ನು ಎಬ್ಬಿಸಿ ಕೇಳುವಾಗ, ಉತ್ತರ ಯಾವ ಭಾಷೆಯಲ್ಲಿ ಬಂದರೂ ತಗೊಳ್ಳಿ.

ಹಳ್ಳಿಹೈದ

ತಗೊಳ್ಳುತ್ತೇನೆ ಅಕ್ಕ. ಖಂಡಿತ.